ಡಾರ್ಕಸ್ ಆಂಟಿ ಅಳೆದು ಆಡಿದ ಮಾತು

ಮ್ಯಾಂಚೆಸ್ಟರ್ ಕಡೆಯ ನಮ್ಮ ಮಿಲ್ಲಿನೂರಿನ ನೇಕಾರ ಹೆಂಗಸರಿಗೆ ಕಿವಿ ಮಂದ, ಕಣ್ಣು ಚುರುಕು. ಒಂದು ಷೆಡ್ಡಿನಲ್ಲಿ ಮುನ್ನೂರು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸದು. ಹಾಗಾಗಿ ತುಟಿಯಲ್ಲೇ ಮಾತು. ಸದ್ದಿಲ್ಲದೆ ಬಾಯನ್ನು ದೊಡ್ಡದಾಗಿ ಆಡಿಸಿ ನಾಲ್ಕು ಸಾಲು ಆಚೆಗಿರುವವಳಿಗೆ ಮಧ್ಯಾಹ್ನ ಏನು ಊಟ ಅಂತ ಕೇಳುತ್ತಿದ್ದರು, ಅತ್ತೆಯನ್ನು ಬೈಯುತ್ತಿದ್ದರು, ಹಾಡುತ್ತಲೂ ಇದ್ದರು. ನಮ್ಮಮ್ಮ ಲೆಟಿ ಅಲ್ಲಿ ಹದಿನಾಲ್ಕನೇ ವಯಸ್ಸಿಗೆ ಸೇರಿದವಳು. ಅವಳಿಗೆ ಕೆಲಸ ಕಲಿಸಿದ್ದು ಡಾರ್ಕಸ್ ಪಿಲ್ಲಿಂಗ್. ನನಗೆ ಡಾರ್ಕಸ್ ಆಂಟಿ.

ಆಂಟಿ ಗಿಡ್ಡಕ್ಕೆ, ದುಂಡಗೆ ಇದ್ದಳು. ನಡೆದರೆ ಮರದ ಅಟ್ಟೆಯ ಕ್ಲಾಗ್ಸು ಕಲ್ಲುಹಾಸಿನ ಮೇಲೆ ಟಕಟಕ ಅನ್ನುತ್ತಿತ್ತು. ಬೀದಿಯ ತುದಿಯಲ್ಲಿ ಆ ಸದ್ದು ಕೇಳಿದ ಕೂಡಲೇ ಅಮ್ಮ ಟೀಗೆ ನೀರಿಡುತ್ತಿದ್ದಳು. ಬಂದವಳು ಬಾಗಿಲು ತಟ್ಟುತ್ತಿರಲಿಲ್ಲ. "ಬದುಕಿದೀರೇನ್ರೇ?" ಅಂತ ಕೂಗಿಕೊಂಡೇ ಒಳಗೆ ಬಂದು ಒಲೆಯ ಪಕ್ಕದ ಕುರ್ಚಿ ಹಿಡಿಯುವಳು. ಆ ಕುರ್ಚಿಯಲ್ಲಿ ನಮ್ಮಪ್ಪ ಕೂಡ ಕೂರುತ್ತಿರಲಿಲ್ಲ.

ಅವಳ ಅಪ್ಪ ಏಮಸ್ ಪಿಲ್ಲಿಂಗ್ ಗುಡ್ಡದ ಮೇಲಿನ ಚಾಪೆಲ್ಲಿನ, ಅಂದರೆ ನಮ್ಮ ಸಣ್ಣ ಇಗರ್ಜಿಯ, ಹಿರಿಯ. ತಾನೂ ಮಿಲ್ಲಿನಲ್ಲೇ ನೇಯ್ದು ಮುದುಕನಾದವನು. ಅವನ ಬಾಯಲ್ಲಿ ತಪ್ಪು ಅನ್ನುವುದಕ್ಕೆ ಇದ್ದದ್ದು ಒಂದೇ ಮಾತು, ವಿಕೆಡ್. ಭಾನುವಾರ ಸಿಳ್ಳೆ ಹೊಡೆದರೆ ವಿಕೆಡ್. ಇಸ್ಪೀಟು ವಿಕೆಡ್. ತಟ್ಟೆಯಲ್ಲಿ ಆಲೂಗೆಡ್ಡೆ ಬಿಟ್ಟರೆ ವಿಕೆಡ್. ಮ್ಯಾಂಚೆಸ್ಟರಿನಲ್ಲಿ ಯಾರೋ ಹೆಂಡತಿಯ ಕತ್ತು ಹಿಸುಕಿದ ಅಂತ ಪೇಪರಿನಲ್ಲಿ ಓದಿದರೂ ಅದೇ ದನಿಯಲ್ಲಿ, "ವಿಕೆಡ್." ಡಾರ್ಕಸ್ ಏಳು ವರ್ಷದವಳಿದ್ದಾಗ ಸಕ್ಕರೆ ಕದ್ದು ಸಿಕ್ಕಿಬಿದ್ದು, ಆ ಕೊಲೆಗಾರನೂ ತಾನೂ ನರಕದಲ್ಲಿ ಒಂದೇ ಬೆಂಚಿನ ಮೇಲೆ ಕೂರಬೇಕಾಗುತ್ತದೆ ಅಂತ ಹೆದರಿ ಜ್ವರ ಹಿಡಿದು ಮಲಗಿದ್ದಳಂತೆ.

"ಆವತ್ತೇ ತೀರ್ಮಾನ ಮಾಡ್ದೆ ಕಣೇ ಬೆರಿಲ್, ನನ್ನ ಕೈಗೆ ಮಕ್ಕಳು ಸಿಕ್ಕಿದ್ರೆ ಅವಕ್ಕೆ ಈ ಒಂದೇ ಸೌಟಲ್ಲಿ ಬಡಿಸಲ್ಲ ಅಂತ," ಅನ್ನುತ್ತಿದ್ದಳು ನನಗೆ.

ಮಕ್ಕಳು ಸಿಕ್ಕವು. ಚಾಪೆಲ್ಲಿನ ಭಾನುವಾರದ ಶಾಲೆಯಲ್ಲಿ ಚಿಕ್ಕಮಕ್ಕಳ ತರಗತಿಯನ್ನು ಅವಳಿಗೆ ಕೊಟ್ಟರು. ಅಲ್ಲಿ ಅವಳು ಮಾತುಗಳನ್ನು ಬೇರೆ ಬೇರೆ ಡಬ್ಬಿಗೆ ತುಂಬಿದಳು. ಯೋಚನೆಗೆ ಮುಂಚೆ ಕೈ ಓಡಿದರೆ ಅದು ನಾಟಿ, ಬರೀ ತುಂಟತನ. ಅದಕ್ಕೆ ಗದರಿಕೆ ಸಾಕು, ಆಮೇಲೆ ಬಿಸ್ಕತ್ತು. ಗೊತ್ತಿದ್ದೂ ಆಸೆ ತಡೆಯಲಾಗದೆ ಮಾಡಿದರೆ ಬ್ಯಾಡ್. ಆದರೆ ನಮ್ಮ ಕಡೆ ಕಾಯಿಲೆ ಬಿದ್ದವನಿಗೂ ಅದೇ ಮಾತು, ಹಳಸಿದ ಹಾಲಿಗೂ ಅದೇ, ಆದ್ದರಿಂದ ಅದನ್ನು ಹೇಳುವಾಗ ಮುಖ ನೋಡಿ ಹೇಳಬೇಕು. ಇನ್ನೊಬ್ಬರಿಗೆ ಚುಚ್ಚಲಿ ಅಂತಲೇ ಆಡಿದ್ದು ಸ್ಪೈಟ್. ಬೆಕ್ಕು ಪರಚಿದ ಹಾಗೆ, ಉರಿಯುತ್ತದೆ, ಮಾಯುತ್ತದೆ. ನೋಯುತ್ತಿದೆ ಅಂತ ಕಣ್ಣಾರೆ ಕಂಡು, ನಿಲ್ಲಿಸುವುದು ಕೈಯಲ್ಲಿದ್ದೂ ನಿಲ್ಲಿಸದೆ ಇರುವುದಿದೆಯಲ್ಲ, ಅದು ಮಾತ್ರ ವಿಕೆಡ್.

"ಹಾಗಾದ್ರೆ ಈವಿಲ್?" ಅಂತ ಒಂದು ಮಗು ಕೇಳಿತಂತೆ.

"ಅದು ಸೈತಾನನ ಆಸ್ತಿ. ಅದನ್ನ ಮನುಷ್ಯರಿಗೆ ಹಂಚೋ ಅಧಿಕಾರ ನನಗಿಲ್ಲ. ಮೂಗು ಒರೆಸ್ಕೊ."

ಇನ್ನೂ ಒಂದಿತ್ತು. ನಮ್ಮ ಕಡೆ 'ವಿಕ್' ಅಂದರೆ ಜೀವಕಳೆ ತುಂಬಿದ್ದು, ಪುಟಿಯುವಂಥದ್ದು. ಮರಿಹಾಕಿದ ಕುರಿಯ ಮರಿ ಎದ್ದು ನಿಂತರೆ 'ವಿಕ್' ಅನ್ನುತ್ತಾರೆ. ಬೆಂಚಿನ ಮೇಲೆ ಕುಣಿಯುವ ಹುಡುಗನನ್ನು ಏಮಸ್ ವಿಕೆಡ್ ಅಂದರೆ, ಡಾರ್ಕಸ್ ಅದರ ಬಾಲ ಕತ್ತರಿಸಿ "ವಿಕ್ ಕಣಪ್ಪಾ, ಅಷ್ಟೇ" ಅನ್ನುವಳು. ಮುದುಕ ಗುರ್ ಅನ್ನುತ್ತಿದ್ದ.

ಇಷ್ಟೂ ಮಕ್ಕಳಿಗೆ ಹೇಳಿಕೊಟ್ಟ ಮಾತು. ದೊಡ್ಡವರ ನಡುವೆ ಅದನ್ನು ಅವಳು ಆಡಬೇಕಾಗಿ ಬಂದದ್ದು ಸಾವಿರದ ಒಂಬೈನೂರ ಮೂವತ್ತನಾಲ್ಕರ ಬೇಸಿಗೆಯಲ್ಲಿ, ನಮ್ಮಮ್ಮನ ಕಾರಣಕ್ಕೆ.

ಆಗ ಅಮ್ಮನಿಗೆ ಇಪ್ಪತ್ತು. ವಿಲ್ಫ್ ಆಗ್ಡನ್ ಅನ್ನುವ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಚಾಪೆಲ್ಲಿನಲ್ಲಿ ತುತ್ತೂರಿ ಊದುತ್ತಿದ್ದವನು, ಕೆಂಪು ಕೂದಲಿನವನು. ಅದೇ ಷೆಡ್ಡಿನಲ್ಲಿ ಹೆಪ್ಸಿ ಕ್ರ್ಯಾಬ್‌ಟ್ರೀ ಅನ್ನುವವಳೂ ನೇಯುತ್ತಿದ್ದಳು. ಅಮ್ಮನಿಗಿಂತ ಐದಾರು ವರ್ಷ ದೊಡ್ಡವಳು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡು, ಸಂಜೆ ಎಲ್ಲೂ ಹೋಗದೆ ಬಾಳುತ್ತಿದ್ದವಳು. ವಿಲ್ಫ್ ಮೊದಲು ಒಂದು ಚಳಿಗಾಲ ಅವಳನ್ನು ಮನೆತನಕ ಬಿಟ್ಟುಬರುತ್ತಿದ್ದ. ಆಮೇಲೆ ಲೆಟಿಯನ್ನು ಬಿಟ್ಟುಬರಲು ಶುರುಮಾಡಿದ. ಇದು ಊರಿಗೆಲ್ಲ ಗೊತ್ತಿತ್ತು. ಹೆಪ್ಸಿ ಮಾತ್ರ ಬಾಯಿಬಿಟ್ಟು ಏನೂ ಅಂದಿರಲಿಲ್ಲ.

ಜುಲೈನಲ್ಲಿ ಮಿಲ್ಲಿಗೆಲ್ಲ ಬೀಗ ಹಾಕಿ ಇಡೀ ಊರು ಒಂದು ವಾರ ಬ್ಲ್ಯಾಕ್‌ಪೂಲಿಗೆ ಹೋಗುವುದು ರೂಢಿ. ಇಲ್ಲಿ ಪಕ್ಕದ ಮನೆಯವರು ಅಲ್ಲೂ ಪಕ್ಕದ ಕೋಣೆಯವರೇ. ಸಮುದ್ರಕ್ಕೆ ಕಾಲಿಟ್ಟರೆ ಎಡಕ್ಕೆ ಮೇಸ್ತ್ರಿ, ಬಲಕ್ಕೆ ಹಾಲಿನವನು. ಆ ವರ್ಷ ಒಂದು ಸಂಜೆ ಅಮ್ಮ ಅಲ್ಲಿನ ಒಂದು ಪಬ್ಬಿನ ಬಾಗಿಲಲ್ಲಿ ಯಾರನ್ನೋ ತೋಳು ಹಿಡಿದು ನಡೆಸಿಕೊಂಡು ಬರುವುದನ್ನು ಹೆಪ್ಸಿ ನೋಡಿದಳು.

ಮುಂದಿನ ಸೋಮವಾರ ಮಗ್ಗಗಳು ಮತ್ತೆ ಬಡಿಯತೊಡಗಿದಾಗ ಹೆಪ್ಸಿಯ ತುಟಿ ಆಡಿತು. "ಲೆಟಿ ಬ್ಯಾಡ್. ಬ್ಲ್ಯಾಕ್‌ಪೂಲಲ್ಲಿ. ಮದುವೆಯಾದ ಗಂಡಸಿನ ಜೊತೆ. ಪಬ್ಬಿಂದ ಬರ್ತಿದ್ಲು."

ಎರಡು ಸಾಲು ಆಚೆ ನೂಲು ಕಟ್ಟುತ್ತಿದ್ದ ಡಾರ್ಕಸ್ ತಲೆ ಎತ್ತಿ ಇದನ್ನು ಕಂಡಳು. ಅವಳು ಕೈ ಎತ್ತಿ ತಡೆಯುವಷ್ಟರಲ್ಲಿ ಮಾತು ಮೂರನೆಯವಳ ತುಟಿ ಸೇರಿ, ಅಲ್ಲಿಂದ ಗೋಡೆತನಕ ಹೋಗಿತ್ತು. ಮಧ್ಯಾಹ್ನದ ಊಟಕ್ಕೆ ಮಗ್ಗ ನಿಂತಾಗ ಅಮ್ಮ ಒಬ್ಬಳೇ ಬೆಂಚಿನ ಮೇಲೆ ಕೂತಿದ್ದಳು, ಯಾಕೆ ಅಂತ ತಿಳಿಯದೆ.

ಸಂಜೆ ಡಾರ್ಕಸ್ ಅವಳನ್ನು ಕಾಲುವೆ ದಡಕ್ಕೆ ಕರೆದುಕೊಂಡು ಹೋಗಿ ಕೇಳಿದಳು. "ಯಾರೇ ಅದು?"

"ಅಪ್ಪ," ಅಂದಳು ಅಮ್ಮ.

ನಮ್ಮ ತಾತ ಕುಡಿತ ಬಿಡುತ್ತೇನೆ ಅಂತ ಚಾಪೆಲ್ಲಿನಲ್ಲಿ ಎಲ್ಲರ ಮುಂದೆ ಆಣೆ ಮಾಡಿದ್ದವನು. ಅಜ್ಜಿ ಸತ್ತ ಮೇಲೆ ಮತ್ತೆ ಜಾರಿದ್ದ. ಮಫ್ಲರಿನಲ್ಲಿ ಅವನ ಮುಖ ಮುಚ್ಚಿ ಕೋಣೆಗೆ ಸೇರಿಸಿದ್ದಳು ಅಮ್ಮ.

"ಹೇಳ್ಬಿಡು ಮತ್ತೆ!"

"ಅಪ್ಪ ಚಾಪೆಲ್ಲಿಗೆ ಕಾಲಿಡಕ್ಕಾಗಲ್ಲ ಆಮೇಲೆ. ಅದೊಂದೇ ಅವನಿಗೆ ಉಳಿದಿರೋದು. ನೀನೂ ಹೇಳಲ್ಲ ಅಂತ ಮಾತು ಕೊಡು."

"ವಿಲ್ಫ್‌ಗಾದ್ರೂ ಹೇಳೇ, ಪೆದ್ದಿ!"

"ನಾನು ಹೇಳದೇನೇ ಅವನು ನನ್ನನ್ನ ನಂಬ್ತಾನೋ ನೋಡ್ತೀನಿ."

ಇಪ್ಪತ್ತರ ಹಟ ಅದು. ಅವನು ನಂಬಲಿಲ್ಲ. ಒಂದು ವಾರ ಮುಖ ಊದಿಸಿಕೊಂಡು ಓಡಾಡಿದ. ಆಮೇಲೆ ಕೊವೆಂಟ್ರಿಯಲ್ಲಿ ಕಾರು ಕಾರ್ಖಾನೆಯ ಕೆಲಸ ಇದೆ ಅಂತ ತುತ್ತೂರಿ ಸಮೇತ ರೈಲು ಹತ್ತಿದ. ಅವನನ್ನು ಕಳಿಸಲು ಸ್ಟೇಷನ್ನಿಗೆ ಹೋದವರಲ್ಲಿ ಹೆಪ್ಸಿಯೂ ಇದ್ದಳು. ಅವತ್ತು ಅವಳು ಒಂದು ಮಾತು ಹೇಳಿದ್ದರೆ ಅವನು ಇಳಿಯುತ್ತಿದ್ದ. ಹೇಳಲಿಲ್ಲ.

ಆಗಸ್ಟಿನಲ್ಲಿ ಚಾಪೆಲ್ಲಿನ ಹಿರಿಯರು ಲೆಟಿಯನ್ನು ವಿಚಾರಣೆಗೆ ಕರೆದರು. ಹಿಂದಿನ ಸಣ್ಣ ಕೋಣೆ. ಪಾಲಿಷ್ ಮಾಡಿದ ಮೇಜು, ಅದರ ಹಿಂದೆ ನಾಲ್ವರು ಹಿರಿಯರು, ನಡುವೆ ಏಮಸ್. ಹೆಪ್ಸಿಯನ್ನು ಸಾಕ್ಷಿಯಾಗಿ ಕರೆದಿದ್ದರು. ಡಾರ್ಕಸ್‌ಳನ್ನು ಯಾರೂ ಕರೆದಿರಲಿಲ್ಲ. ಅವಳೇ ಬಂದು ಅಮ್ಮನ ಪಕ್ಕ ಕೂತಳು.

"ನಿನಗೇನು ಕೆಲಸ ಇಲ್ಲಿ?" ಅಂದ ಏಮಸ್.

"ಅವಳ ಕೈ ಹಿಡ್ಕೊಳ್ಳೋದು, ಅಪ್ಪಾ."

ಪಬ್ಬಿನ ಬಾಗಿಲಲ್ಲಿ ಇದ್ದದ್ದು ಹೌದೇ ಅಂತ ಕೇಳಿದರು. ಹೌದು ಅಂದಳು ಅಮ್ಮ. ಜೊತೆಗಿದ್ದವನು ಯಾರು? ಅಮ್ಮ ಬಾಯಿ ಬಿಡಲಿಲ್ಲ. ಮೂರು ಸಲ ಕೇಳಿದರು. ಗೋಡೆ ನೋಡುತ್ತ ಕೂತಳು.

ಏಮಸ್ ಹೆಪ್ಸಿಯ ಕಡೆ ತಿರುಗಿದ. "ಸಿಸ್ಟರ್, ನೀವು ಆವತ್ತು ಷೆಡ್ಡಲ್ಲಿ ಏನು ಹೇಳಿದ್ರಿ, ಇಲ್ಲಿ ಹೇಳಿ."

ಮಗ್ಗದ ಗದ್ದಲದಲ್ಲಿ ಸದ್ದಿಲ್ಲದೆ ಆಡಿದ ಮಾತನ್ನು ಮೌನದ ಕೋಣೆಯಲ್ಲಿ ಗಂಟಲಿನಿಂದ ಆಡಬೇಕಾಗಿ ಬಂದಾಗ ಹೆಪ್ಸಿಗೆ ಧೈರ್ಯ ಸಾಲಲಿಲ್ಲ. ದೇವರ ಮನೆಯಲ್ಲಿ ಅದೇ ಸುಳ್ಳನ್ನು ಮತ್ತೆ ಹೇಳಲು ಹೆದರಿ ಅಡ್ಡದಾರಿ ಹಿಡಿದಳು.

"ನಾನು ಅವಳನ್ನ ಬ್ಯಾಡ್ ಅನ್ನಲಿಲ್ಲ. ಮ್ಯಾಡ್ ಅಂದೆ. ಅವರಪ್ಪನಿಗೆ. ಕುಡಿದು ಹುಚ್ಚನ ಹಾಗೆ ಆಡ್ತಿದ್ರು, ಲೆಟಿ ಕರ್ಕೊಂಡು ಹೋಗ್ತಿದ್ಲು ಅಂತ ಹೇಳ್ದೆ. ಎರಡಕ್ಕೂ ತುಟಿ ಒಂದೇ ಥರ ಅಲ್ವಾ? ನೋಡಿದೋರು ತಪ್ಪು ತಿಳ್ಕೊಂಡ್ರೆ ನಾನೇನು ಮಾಡ್ಲಿ?"

ಮೇಜಿನ ಹಿಂದಿನ ನಾಲ್ವರೂ ಹಳೇ ನೇಕಾರರು. ಒಬ್ಬ ತನ್ನ ತುಟಿಯನ್ನೇ ಆಡಿಸಿ ನೋಡಿಕೊಂಡ. ಬ್ಯಾಡ್. ಮ್ಯಾಡ್. ಹೌದು, ವ್ಯತ್ಯಾಸ ಕಾಣದು. ತಲೆಯಾಡಿಸಿದ.

ಅಮ್ಮ ಮುಖ ಮುಚ್ಚಿಕೊಂಡು ಅತ್ತಳು. ಯಾವುದು ಹೊರಗೆ ಬರಬಾರದು ಅಂತ ಗಂಡನಾಗುವವನನ್ನೇ ಕಳೆದುಕೊಂಡಿದ್ದಳೋ ಅದು ಬಂದೇಬಿಟ್ಟಿತ್ತು. ಡಾರ್ಕಸ್ ಎದ್ದು ನಿಂತಳು.

"ಹಾಗಾದ್ರೆ ಅದು ಅವರಪ್ಪ ಅಂತ ನಿನಗೆ ಗೊತ್ತಿತ್ತು, ಹೆಪ್ಸಿ."

ಹೆಪ್ಸಿ ಬಾಗಿಲಿನ ಕಡೆ ನೋಡಿದಳು.

"ನಾನು ಎರಡು ಸಾಲು ಆಚೆ ನಿಂತಿದ್ದೆ, 'ಮದುವೆಯಾದ ಗಂಡಸು' ಅಂದದ್ದನ್ನೂ ಓದಿದೆ. ಈಗ ಸದ್ದು ಬೇಡ. ಆವತ್ತಿನ ಹಾಗೇ, ತುಟಿಯಲ್ಲಿ ಹೇಳು. ಈ ನಾಲ್ಕು ಜನಕ್ಕೂ ಓದಕ್ಕೆ ಬರುತ್ತೆ."

ಹೆಪ್ಸಿ ಎದ್ದಳು. ತುಟಿ ತೆರೆದಳು. 'ಲೆಟಿ' ಅಂತ ಆಡಿತು ಬಾಯಿ. ಮುಂದಕ್ಕೆ ಬರಲಿಲ್ಲ. ತುಟಿ ಮತ್ತೆ ಮುಚ್ಚಿತು. ಆಮೇಲೆ ಕುರ್ಚಿಯ ಹಿಂಬದಿ ಹಿಡಿದು ಗಟ್ಟಿಯಾಗಿ, ಗಂಟಲು ಹರಿಯುವ ಹಾಗೆ, "ಅವನು ಮೊದಲು ನನ್ನ ಜೊತೆ ನಡೀತಿದ್ದ!" ಅಂದಳು.

ಏಮಸ್ ಕೊನೆಗೆ ಬೈಬಲ್ಲಿನ ಮೇಲೆ ಕೈ ಇಟ್ಟ. "ಕುಡಿದದ್ದು ವಿಕೆಡ್. ಅದನ್ನ ಬಚ್ಚಿಟ್ಟದ್ದು ವಿಕೆಡ್. ಸುಳ್ಳು ಹಬ್ಬಿಸಿದ್ದು ವಿಕೆಡ್. ಮೂವರನ್ನೂ ಸಭೆಯಿಂದ ಹೊರಗೆ ಹಾಕಬೇಕು."

"ಇಲ್ಲ ಅಪ್ಪಾ. ಮೂರಕ್ಕೂ ಒಂದೇ ತಕ್ಕಡಿ ಹಿಡೀಬೇಡ."

"ಪಾಪ ಅಂದ್ರೆ ಪಾಪ!"

"ಮುದುಕ ಕುಡಿದದ್ದು ಸಂಕಟಕ್ಕೆ. ಬ್ಯಾಡ್ ಅನ್ನು, ಒಪ್ತೀನಿ. ಕಾಯಿಲೆ ಅಂತ ಬೇಕಾದ್ರೂ ತಿಳ್ಕೊ. ಲೆಟಿ ಅಪ್ಪನ ಮಾನ ಮುಚ್ಚಿದ್ಲು. ಅದಕ್ಕೆ ಯಾವ ಹೆಸರೂ ಇಲ್ಲ, ಅದು ತಪ್ಪೇ ಅಲ್ಲ. ಇನ್ನು ಹೆಪ್ಸಿ. ಆ ಸೋಮವಾರ ಅವಳು ಆಡಿದ್ದು ಸ್ಪೈಟ್. ಹೊಟ್ಟೆ ಉರೀತು, ಬಾಯಿ ಜಾರ್ತು. ನನಗೂ ಜಾರಿರೋದುಂಟು. ಆದ್ರೆ ಆಮೇಲೆ ಲೆಟಿ ಒಬ್ಬಳೇ ಕೂತು ಉಣ್ಣೋದನ್ನ ದಿನಾ ನೋಡಿದ್ಲು. ಸ್ಟೇಷನ್ನಲ್ಲಿ ಅವನು ರೈಲು ಹತ್ತೋದನ್ನ ನೋಡಿದ್ಲು. ನೋಡಿಯೂ ಸುಮ್ನಿದ್ಲು. ಅದು ವಿಕೆಡ್. ನಾನು ಈ ಮಾತನ್ನ ಸುಲಭಕ್ಕೆ ಆಡೋಳಲ್ಲ, ಹೆಪ್ಸಿ. ಅದು ವಿಕೆಡ್."

"ಹಾಗಾದ್ರೆ ಇವಳನ್ನಾದ್ರೂ ಹೊರಗೆ ಹಾಕಲೇಬೇಕು," ಅಂದ ಏಮಸ್.

"ನಾನು ಹೆಸರಿಟ್ಟದ್ದು ಕೆಲಸಕ್ಕೆ. ಅವಳಿಗಲ್ಲ. ಹೊರಗೆ ಹಾಕಿದ್ರೆ ಎಲ್ಲಿಗೆ ಹೋಗ್ತಾಳೆ? ಹಾಸಿಗೆ ಹಿಡಿದ ಅಮ್ಮ, ನೇಯೋ ನಾಲ್ಕು ಮಗ್ಗ, ಭಾನುವಾರಕ್ಕೆ ಈ ಚಾಪೆಲ್ಲು. ಅಷ್ಟೇ ತಾನೆ ಅವಳಿಗಿರೋದು?"

ಹಿರಿಯರು ತಮ್ಮೊಳಗೆ ಮಾತಾಡಿಕೊಂಡು ಯಾರನ್ನೂ ಹೊರಗೆ ಹಾಕಲಿಲ್ಲ. ಆದರೆ ಹೆಪ್ಸಿ ತಾನೇ ಬರುವುದನ್ನು ಬಿಟ್ಟಳು. ನಮ್ಮ ತಾತ ಎರಡು ಭಾನುವಾರ ಮನೆಯಲ್ಲಿ ಕೂತು, ಮೂರನೆಯದಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕುಳಿತ. ಪಕ್ಕದವನು ಹಾಡಿನ ಪುಸ್ತಕವನ್ನು ಅವನ ಕಡೆ ಸರಿಸಿದ, ಅಷ್ಟೆ. ಏಮಸ್ ಮಗಳೊಂದಿಗೆ ಒಂದು ತಿಂಗಳು ಊಟದ ಮೇಜಿನಲ್ಲಿ ಮಾತಾಡಲಿಲ್ಲ. ಆಮೇಲೆ ಚಳಿಗಾಲದಲ್ಲೊಂದು ದಿನ ಬೀದಿಯ ಹುಡುಗರು ಅವನ ಟೋಪಿಗೆ ಹಿಮದುಂಡೆ ಹೊಡೆದಾಗ ಮುದುಕ ಬಾಯಿ ತೆರೆದು, ತಡೆದು, ಯೋಚಿಸಿ, "ನಾಟಿ" ಅಂದನಂತೆ. ಡಾರ್ಕಸ್ ಅಡುಗೆಮನೆಗೆ ಹೋಗಿ ಬಾಯಿಗೆ ಟವಲ್ ಒತ್ತಿಕೊಂಡು ನಕ್ಕಳಂತೆ.

ವಿಲ್ಫ್ ವಾಪಸ್ ಬರಲಿಲ್ಲ. ಸುದ್ದಿ ಮುಟ್ಟುವ ಹೊತ್ತಿಗೆ ಅವನಿಗೆ ಕೊವೆಂಟ್ರಿಯಲ್ಲಿ ಬೇರೊಬ್ಬಳು ಗೊತ್ತಾಗಿದ್ದಳು. ಅಮ್ಮ ನಾಲ್ಕು ವರ್ಷ ಯಾರ ಕಡೆಗೂ ನೋಡದೆ ನೇಯ್ದಳು. ಆಮೇಲೆ ಒಬ್ಬ ಬಸ್ ಕಂಡಕ್ಟರ್ ಅವಳು ಹತ್ತುವ ಸ್ಟಾಪಿನಲ್ಲಿ ಅರ್ಧ ನಿಮಿಷ ಹೆಚ್ಚು ಬಸ್ ನಿಲ್ಲಿಸತೊಡಗಿದ. ಅವನೇ ನಮ್ಮಪ್ಪ. ಡಾರ್ಕಸ್ ಮಗ್ಗದ ಮೇಸ್ತ್ರಿ ಈನಕ್‌ನನ್ನು ಮದುವೆಯಾದಳು. ಒಳ್ಳೇ ಮನುಷ್ಯ, ಎದೆಗೂಡು ಮಾತ್ರ ಬಲವಿಲ್ಲದ್ದು. ನನಗೆ ನೆನಪು ಮೂಡುವ ಮುಂಚೆಯೇ ಹೋದ. ಅವರಿಗೆ ಮಕ್ಕಳಾಗಲಿಲ್ಲ. ಅವಳ ಪಾಲಿನ ಮುದ್ದೆಲ್ಲ ನನಗೇ ಬಂತು, ಗದರಿಕೆಯೂ. ಶನಿವಾರದ ಅವಳ ಆಲೂಗೆಡ್ಡೆ ಕಡುಬಿನ ಕರಕಲು ಅಂಚಿಗಾಗಿ ನಾನು ಅಪ್ಪನ ಜೊತೆ ಜಗಳವಾಡುತ್ತಿದ್ದೆ.

ಈ ಕಥೆಯನ್ನು ಅಮ್ಮ ನನಗೆ ಹೇಳಿದ್ದು ನನ್ನ ಮದುವೆಯ ಹಿಂದಿನ ದಿನ. ನಾನು ನೇರ ಡಾರ್ಕಸ್ ಆಂಟಿಯ ಹತ್ತಿರ ಹೋಗಿ ಕೇಳಿದೆ. "ಹೆಪ್ಸಿ ಆ ಸುಳ್ಳು ಹೇಳಿರದಿದ್ರೆ ನಾನು ಹುಟ್ತಾನೇ ಇರಲಿಲ್ಲ, ಅಲ್ವಾ ಆಂಟಿ?"

"ಇಲ್ಲ. ವಿಲ್ಫ್‌ನ ಕೆಂಪು ಕೂದಲಿನ ಇನ್ಯಾವುದೋ ಪಿಶಾಚಿ ನನ್ನ ಬಿಸ್ಕತ್ತು ತಿಂದು ಖಾಲಿ ಮಾಡ್ತಿತ್ತು."

"ಹಾಗಾದ್ರೆ ಅದು ಒಳ್ಳೇದೇ ಆಯ್ತಲ್ಲ?"

"ನೀನು ಒಳ್ಳೇದು. ಅದು ಒಳ್ಳೇದಲ್ಲ. ಸೆಗಣಿ ಹಾಕಿದ ಕಡೆ ಗುಲಾಬಿ ಬಂತು ಅಂತ ಸೆಗಣೀನ ಹೂದಾನಿಗೆ ಹಾಕ್ತಾರೇನೇ?"

ಇದಾಗಿ ಮೂರು ವರ್ಷಕ್ಕೆ ಹೆಪ್ಸಿಗೆ ಲಕ್ವ ಹೊಡೆಯಿತು. ತಾಯಿ ಯಾವತ್ತೋ ಹೋಗಿದ್ದಳು, ಮನೆಯಲ್ಲಿ ಒಬ್ಬಳೇ. ಬಾಯಿ ಒಂದು ಕಡೆಗೆ ಎಳೆದಿತ್ತು, ಮಾತು ಕಲಸಿದ ಹಿಟ್ಟಾಗಿತ್ತು. ಆಸ್ಪತ್ರೆಯಿಂದ ಮನೆಗೆ ಬರುತ್ತಿದ್ದ ನರ್ಸಿಗೆ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಇದು ಕಿವಿಗೆ ಬಿದ್ದ ದಿನ ಡಾರ್ಕಸ್ ಕೋಟು ಹಾಕಿಕೊಂಡು ಹೊರಟಳು. ಅರ್ಧ ಬಾಯಿಯಾದರೂ ಸರಿ, ನಲವತ್ತು ವರ್ಷ ತುಟಿ ಓದಿದವಳಿಗೆ ಅಷ್ಟು ಸಾಕಾಯಿತು. ನೀರು ಬೇಕು, ಕಿಟಕಿ ಮುಚ್ಚು, ಆ ನರ್ಸಿನ ಕೈ ತಣ್ಣಗಿದೆ. ಎಲ್ಲವನ್ನೂ ಓದಿ ಹೇಳಿದಳು. ಮರುದಿನವೂ ಹೋದಳು, ಅದರ ಮರುದಿನವೂ.

ಅಮ್ಮ ಕಿಡಿಕಿಡಿಯಾದಳು. "ನಿನಗೆ ಮಾನ ಮರ್ಯಾದೆ ಇದೆಯೇನೇ? ನನ್ನ ಬಾಳು ಹಾಳು ಮಾಡಿದೋಳಿಗೆ ಗಂಜಿ ಕುಡಿಸ್ತೀಯಾ?"

"ನಿನ್ನ ಬಾಳು ಹಾಳಾಗಿರೋದು ನನಗೆ ಕಾಣ್ತಿಲ್ಲ, ಲೆಟಿ. ನಿನ್ನ ಗಂಡ ಅಲ್ಲಿ ಕೂತು ಚೀಸು ತಿಂತಿದಾನೆ."

ಅಪ್ಪ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದ.

ನಾನು ಆಗ ಚಿಕ್ಕಮಕ್ಕಳ ಶಾಲೆಯಲ್ಲಿ ಟೀಚರ್. ಒಂದು ಸಂಜೆ ಆಂಟಿಯನ್ನು ಕರೆತರಲು ಹೆಪ್ಸಿಯ ಮನೆಗೆ ಹೋದೆ. ನಾನು ಕಂಡಿದ್ದ ಹೆಪ್ಸಿ ಬೀದಿಯಲ್ಲಿ ತಲೆತಗ್ಗಿಸಿ ಹೋಗುವ ಎತ್ತರದ ಹೆಂಗಸು. ಈಗ ದಿಂಬಿನ ಮೇಲೆ ಹಕ್ಕಿಯಷ್ಟು ಆಗಿದ್ದಳು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ಅಮ್ಮನ ಹಾಗೇ ಇದ್ದೇನೆ ಅನ್ನುತ್ತಾರೆ. ಆಮೇಲೆ ಡಾರ್ಕಸ್ ಕಡೆ ತಿರುಗಿ ತುಟಿಯ ಒಂದು ಬದಿಯಿಂದ ಏನೋ ಆಡಿದಳು. ಸದ್ದು ಬರಲಿಲ್ಲ.

"ಏನಂತೆ?" ಅಂದೆ.

"ತಾನು ವಿಕೆಡ್ ಹೆಂಗಸಾ ಅಂತ ಕೇಳ್ತಿದಾಳೆ."

ಇಲ್ಲ ಅಂತ ಹೇಳಿಬಿಡು ಆಂಟಿ ಅಂತ ನನ್ನ ಮನಸ್ಸು ಕೂಗುತ್ತಿತ್ತು. ಸಾಯುವವಳಿಗೆ ಅಷ್ಟು ಹೇಳಿದರೆ ಏನಾದೀತು? ಆದರೆ ಡಾರ್ಕಸ್ ಅಂಥವಳಲ್ಲ. ಹೆಪ್ಸಿಯ ಗಲ್ಲದ ಜೊಲ್ಲು ಒರೆಸಿ, ಅವಳಿಗೆ ಕಾಣುವ ಹಾಗೆ ಮುಖ ಹತ್ತಿರ ತಂದು ಹೇಳಿದಳು.

"ಆ ಮೂರು ವಾರ ನೀನು ಮಾಡಿದ್ದು ವಿಕೆಡ್, ಹೆಪ್ಸಿ. ಅದನ್ನ ನಾನು ಆವತ್ತೂ ಹೇಳ್ದೆ, ಇವತ್ತೂ ಹೇಳ್ತೀನಿ. ಆದ್ರೆ ಮಿಕ್ಕ ವರ್ಷವೆಲ್ಲ ನಿನ್ನಮ್ಮನ್ನ ಎತ್ತಿ ಇಳಿಸಿ, ತೊಳೆದು, ತಲೆ ಬಾಚಿದೋಳು ಯಾರು? ಅವಳೂ ನೀನೇ. ಮೂರು ವಾರದ ಹೆಸರನ್ನ ಇಡೀ ಬಾಳಿಗೆ ಇಡಕ್ಕಾಗಲ್ಲ."

ಹೆಪ್ಸಿ ಕಣ್ಣು ಮುಚ್ಚಿದಳು. ಅತ್ತಳೋ ಇಲ್ಲವೋ ತಿಳಿಯಲಿಲ್ಲ. ಆ ಕಾಯಿಲೆಯಲ್ಲಿ ಕಣ್ಣು ಯಾವಾಗಲೂ ಒದ್ದೆ. ಆದರೆ ಆಂಟಿಯ ಬೆರಳನ್ನು ಬಿಡಲಿಲ್ಲ. ನಾವು ಕೊನೆಯ ಬಸ್ಸು ತಪ್ಪಿಸಿಕೊಂಡು ನಡೆದೇ ಬಂದೆವು. ದಾರಿಯಲ್ಲಿ ಅವಳು, "ಇಲ್ಲ ಅಂದಿದ್ರೆ ಅವಳು ನಂಬ್ತಿರಲಿಲ್ಲ ಕಣೇ. ಸುಳ್ಳಿನ ರುಚಿ ಅವಳಿಗೆ ಗೊತ್ತು," ಅಂದಳು.

ಹೆಪ್ಸಿ ಮಾರ್ಚಿನಲ್ಲಿ ತೀರಿಕೊಂಡಳು. ಮಣ್ಣಿಗೆ ಬಂದವರು ಏಳೆಂಟು ಜನ. ಪಾದ್ರಿ ಪ್ರಾರ್ಥನೆ ಶುರುಮಾಡುವಾಗ ಗೇಟಿನ ಹತ್ತಿರ ಅಮ್ಮ ಕಾಣಿಸಿದಳು. ಎಲ್ಲರೂ ಶೋಕದ ಕಪ್ಪು ಹಾಕಿದ್ದರು. ಅಮ್ಮ ಮಾತ್ರ ಈಸ್ಟರಿನ ಹಸಿರು ಟೋಪಿ. ಒಳಗೆ ಬಂದು ಡಾರ್ಕಸ್ ಪಕ್ಕ ನಿಂತಳು.

"ಹಸಿರೇನೇ?" ಅಂತ ಡಾರ್ಕಸ್ ಪಿಸುಗುಟ್ಟಿದಳು.

"ಬರೋಷ್ಟು ಕ್ಷಮಿಸಿದೀನಿ. ಕಪ್ಪು ಹಾಕೋಷ್ಟು ಇಲ್ಲ."

ಡಾರ್ಕಸ್‌ಗೆ ನಗು ತಡೆಯಲಾಗಲಿಲ್ಲ. ಕೆಮ್ಮಿನ ಹಾಗೆ ಮಾಡಿದಳು. ಪಾದ್ರಿ ನಿಲ್ಲಿಸಿ ನೋಡಿದ. ಅಮ್ಮನ ಭುಜವೂ ಅಲುಗುತ್ತಿತ್ತು, ಅದು ನಗುವೋ ಅಳುವೋ ನನಗೆ ಈಗಲೂ ಗೊತ್ತಿಲ್ಲ.

ಅಲ್ಲಿಂದ ಮೂವರೂ ಮಾರ್ಕೆಟ್ಟಿನ ಬಳಿಯ ಅಂಗಡಿಯಲ್ಲಿ ಕರಿದ ಮೀನು ತಿಂದೆವು, ವಿನಿಗರ್ ಸುರಿದುಕೊಂಡು, ಕೈಗವಸು ಬಿಚ್ಚಿ ಪಕ್ಕದಲ್ಲಿಟ್ಟು. ಅಮ್ಮ ತನ್ನ ಪಾಲಿನ ಮೀನಿನ ಬಾಲವನ್ನು ಕೇಳದೆಯೇ ಡಾರ್ಕಸ್ ತಟ್ಟೆಗೆ ಹಾಕಿದಳು. ಅವಳಿಗೆ ಬಾಲ ಇಷ್ಟ. ಇಬ್ಬರೂ ಆ ಬೇಸಿಗೆಯಲ್ಲಿ ಸರೋವರದ ಕಡೆ ಬಸ್ಸಿನಲ್ಲಿ ಪ್ರವಾಸ ಹೋಗಿ, ಕಿಟಕಿ ಪಕ್ಕದ ಸೀಟಿಗೆ ಜಗಳವಾಡಿ, ಬರುವಾಗ ಮಾತಿಲ್ಲದೆ ಬಂದರು. ಮರುದಿನ ಬೆಳಿಗ್ಗೆ ಬೀದಿಯಲ್ಲಿ ಕ್ಲಾಗ್ಸಿನ ಸದ್ದು ಕೇಳುವ ಮುಂಚೆಯೇ ಅಮ್ಮ ಟೀಗೆ ನೀರಿಟ್ಟಿದ್ದಳು, ಎರಡು ಕಪ್ಪಿಗೆ.